ವಿದ್ಯುತ್ ಥ್ರಸ್ಟರ್‌ಗಳ ನೋದಕ ಅನಿಲಗಳು

ಉಪಗ್ರಹ ಹಾಗೂ ವ್ಯೋಮನೌಕೆಗಳನ್ನು ವಿದ್ಯುತ್ತಿನ ಬಲದಿಂದ ಮುಂದೂಡುವ ಎಂಜಿನ್‌ಗಳು ಹೊರಕ್ಕೆ ಚಿಮ್ಮಿಸುವ ವಸ್ತುವೇ ಅವುಗಳ ನೋದಕ. ರಾಸಾಯನಿಕ ರಾಕೆಟ್‌ನಲ್ಲಿ ಉರಿಯುವ ವಸ್ತುವೂ ಹೊರಗೆ ಹೋಗುವ ವಸ್ತುವೂ ಒಂದೇ. ಶಕ್ತಿ ಅದರೊಳಗೇ ಅಡಗಿರುತ್ತದೆ. ವಿದ್ಯುತ್ ಥ್ರಸ್ಟರ್‌ಗೆ ಶಕ್ತಿ ಬರುವುದು ಸೌರಫಲಕದಿಂದ. ನೋದಕ ಇಲ್ಲಿ ಉರಿಯಬೇಕಿಲ್ಲ, ಇನ್ನೊಂದು ವಸ್ತುವಿನ ಜೊತೆ ಕೂಡಬೇಕಿಲ್ಲ. ಅಯಾನಾಗಿ ಮಾರ್ಪಟ್ಟು ವೇಗವಾಗಿ ಹೊರಗೆ ಹೋದರೆ ಸಾಕು. ಹೀಗಾಗಿ ತಾತ್ತ್ವಿಕವಾಗಿ ಯಾವ ಧಾತುವಾದರೂ ಆದೀತು. ಕಳೆದ ಆರು ದಶಕಗಳಲ್ಲಿ ಸೀಸಿಯಂ, ಪಾದರಸ, ಕ್ಸೆನಾನ್, ಕ್ರಿಪ್ಟಾನ್, ಆರ್ಗಾನ್, ಅಯೋಡಿನ್, ಬಿಸ್ಮತ್, ಸತು, ಮೆಗ್ನೀಸಿಯಂ, ನೀರಾವಿ, ಕೊನೆಗೆ ವಾತಾವರಣದ ಮೇಲ್ಪದರದ ತೆಳುಗಾಳಿಯವರೆಗೆ ಎಲ್ಲವನ್ನೂ ಎಂಜಿನ್‌ಗೆ ತುಂಬಿ ನೋಡಿದ್ದಾರೆ. ಇವುಗಳಲ್ಲಿ ಬಹುಕಾಲ ಅಗ್ರಸ್ಥಾನದಲ್ಲಿದ್ದದ್ದು ಕ್ಸೆನಾನ್. 2019ರಿಂದೀಚೆಗೆ ಉಪಗ್ರಹಗಳು ಸಾವಿರಗಟ್ಟಲೆ ಹಾರತೊಡಗಿದ ಮೇಲೆ ಈ ಸ್ಥಾನ ಅಲುಗಾಡಿದೆ.

ಕೆಲಸ ಮಾಡುವ ಬಗೆ

ಈಗ ಹೆಚ್ಚು ಬಳಕೆಯಲ್ಲಿರುವ ವಿದ್ಯುತ್ ಥ್ರಸ್ಟರ್‌ಗಳು ಎರಡು ಬಗೆಯವು. ಜಾಲರಿ ಅಯಾನು ಎಂಜಿನ್‌ನಲ್ಲಿ ಅನಿಲವನ್ನು ಒಂದು ಕೋಣೆಯಲ್ಲಿ ಅಯಾನೀಕರಿಸಿ, ಸಣ್ಣ ಸಣ್ಣ ರಂಧ್ರಗಳಿರುವ ಎರಡು ಅಥವಾ ಮೂರು ಜಾಲರಿಗಳ ನಡುವಿನ ಸಾವಿರ ವೋಲ್ಟ್ ಆಸುಪಾಸಿನ ವಿದ್ಯುತ್ ಒತ್ತಡದಿಂದ ಹೊರಗೆಳೆಯುತ್ತಾರೆ. ಹಾಲ್ ಥ್ರಸ್ಟರ್‌ಗೆ ಜಾಲರಿಯಿಲ್ಲ. ಅದರಲ್ಲಿ ಉಂಗುರದಾಕಾರದ ಒಂದು ಕಾಲುವೆ. ಹಿಂಬದಿಯಲ್ಲಿ ಆನೋಡ್, ಹೊರಬಾಯಿಯ ಹತ್ತಿರ ಕ್ಯಾಥೋಡ್, ಕಾಲುವೆಗೆ ಅಡ್ಡಲಾಗಿ ಕಾಂತಕ್ಷೇತ್ರ. ಕ್ಯಾಥೋಡ್‌ನಿಂದ ಹೊರಟ ಎಲೆಕ್ಟ್ರಾನ್‌ಗಳು ನೇರವಾಗಿ ಆನೋಡ್ ತಲುಪಲು ಕಾಂತಕ್ಷೇತ್ರ ಬಿಡುವುದಿಲ್ಲ. ಅವು ಉಂಗುರದೊಳಗೆ ಸುತ್ತುತ್ತಲೇ ಇರುತ್ತವೆ. ಹಿಂದಿನಿಂದ ನುಸುಳಿ ಬಂದ ಅನಿಲದ ಪರಮಾಣು ಈ ಎಲೆಕ್ಟ್ರಾನ್ ಸುಳಿಗೆ ಸಿಕ್ಕಿ ಅಯಾನಾಗುತ್ತದೆ. ಅಯಾನು ಭಾರವಾದದ್ದರಿಂದ ಕಾಂತಕ್ಷೇತ್ರ ಅದನ್ನು ಹೆಚ್ಚು ಬಾಗಿಸಲಾರದು. ಕಾಲುವೆಯುದ್ದಕ್ಕೂ ಇರುವ ಸುಮಾರು 300 ವೋಲ್ಟ್ ಅಂತರ ಅದನ್ನು ಹೊರಕ್ಕೆ ಎಸೆಯುತ್ತದೆ. ಹೊರಬಿದ್ದ ಅಯಾನುಗಳ ಹಿಂದೆಯೇ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳೂ ಹೋಗುತ್ತವೆ. ಇಲ್ಲದಿದ್ದರೆ ನೌಕೆ ಋಣ ವಿದ್ಯುದಂಶ ಗಳಿಸಿ ತನ್ನ ಅಯಾನುಗಳನ್ನೇ ವಾಪಸು ಸೆಳೆದುಕೊಂಡೀತು.

ನೋದಕದ ಆಯ್ಕೆಯೆಲ್ಲ ಒಂದು ಸರಳ ಲೆಕ್ಕದಿಂದ ಶುರುವಾಗುತ್ತದೆ. ಅಯಾನು ಪಡೆಯುವ ಚಲನಶಕ್ತಿ ವೋಲ್ಟೇಜನ್ನು ಅವಲಂಬಿಸಿದೆ, ಅದರ ತೂಕವನ್ನಲ್ಲ. ಅದೇ 300 ವೋಲ್ಟ್‌ನಲ್ಲಿ ಕ್ಸೆನಾನ್ ಅಯಾನು ಸೆಕೆಂಡಿಗೆ ಸುಮಾರು 21 ಕಿಲೋಮೀಟರ್ ವೇಗ ಪಡೆದರೆ ಕ್ರಿಪ್ಟಾನ್ 26, ಆರ್ಗಾನ್ 38 ಕಿಲೋಮೀಟರ್ ವೇಗ ಪಡೆಯುತ್ತದೆ. ವೇಗ ಹೆಚ್ಚಿದಷ್ಟೂ ಒಂದು ಕಿಲೋಗ್ರಾಂ ಅನಿಲದಿಂದ ಸಿಗುವ ಒಟ್ಟು ತಳ್ಳು ಹೆಚ್ಚು. ಹಾಗಾದರೆ ಹಗುರವಾದದ್ದೇ ಮೇಲು ಎನ್ನಿಸಬಹುದು. ಆದರೆ ಒಂದು ನ್ಯೂಟನ್ ನೂಕುಬಲಕ್ಕೆ ಬೇಕಾದ ವಿದ್ಯುತ್ತೂ ವೇಗದ ಜೊತೆಗೇ ಏರುತ್ತದೆ. ಅಷ್ಟೇ ವಿದ್ಯುತ್ತಿನಲ್ಲಿ ಆರ್ಗಾನ್ ಕೊಡುವ ನೂಕುಬಲ, ನಷ್ಟಗಳನ್ನು ಬದಿಗಿಟ್ಟರೂ, ಕ್ಸೆನಾನ್‌ನ ಶೇ. 55ರಷ್ಟು ಮಾತ್ರ, ಕ್ರಿಪ್ಟಾನ್‌ನದು ಶೇ. 80. ನೌಕೆಗೆ ವಿದ್ಯುತ್ ಅಗ್ಗವೋ, ಅನಿಲದ ಭಾರ ಹೊರುವುದು ಅಗ್ಗವೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಎರಡನೆಯ ಲೆಕ್ಕ ಅಯಾನೀಕರಣದ್ದು. ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಕ್ಸೆನಾನ್‌ಗೆ 12.1, ಕ್ರಿಪ್ಟಾನ್‌ಗೆ 14.0, ಆರ್ಗಾನ್‌ಗೆ 15.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಯೋಡಿನ್‌ಗೆ 10.5, ಪಾದರಸಕ್ಕೆ 10.4, ಸೀಸಿಯಂಗೆ ಬರೀ 3.9. 300 ಎಲೆಕ್ಟ್ರಾನ್ ವೋಲ್ಟ್ ಚಲನಶಕ್ತಿಯ ಮುಂದೆ ಇವು ಚಿಲ್ಲರೆ ಅಂಕಿಗಳಂತೆ ಕಾಣುತ್ತವೆ. ನಿಜವಾದ ಖರ್ಚು ಮಾತ್ರ ಹಲವು ಪಟ್ಟು ದೊಡ್ಡದು. ಎಲೆಕ್ಟ್ರಾನ್ ಢಿಕ್ಕಿ ಹೊಡೆದಾಗಲೆಲ್ಲ ಪರಮಾಣು ಅಯಾನಾಗುವುದಿಲ್ಲ. ಎಷ್ಟೋ ಸಲ ಉದ್ರೇಕಗೊಂಡು ಬೆಳಕು ಸೂಸಿ ಸುಮ್ಮನಾಗುತ್ತದೆ. ಎಂಜಿನ್ ಬಾಯಲ್ಲಿ ಕಾಣುವ ಕ್ಸೆನಾನ್‌ನ ಸೊಗಸಾದ ನೀಲಿ ಹೊಳಪಿನಲ್ಲಿ ಹೀಗೆ ಸೋರಿಹೋದ ವಿದ್ಯುತ್ತಿನ ಪಾಲೂ ಇದೆ. ಜೊತೆಗೆ ಹಗುರ ಪರಮಾಣುಗಳು ಅದೇ ಉಷ್ಣತೆಯಲ್ಲಿ ಹೆಚ್ಚು ಚುರುಕಾಗಿ ಓಡಾಡುತ್ತವೆ. ಎಲೆಕ್ಟ್ರಾನ್‌ಗೆ ಸಿಗುವ ಮೊದಲೇ ಕಾಲುವೆ ದಾಟಿ ಹೊರಬಿದ್ದ ಪರಮಾಣು ನೂಕುಬಲಕ್ಕೆ ಏನೂ ಕೊಡದೆ ವ್ಯರ್ಥವಾಗುತ್ತದೆ.

ಮೂರನೆಯದು ಶೇಖರಣೆ. ಇಲ್ಲಿ ಅನಿಲಗಳ ನಡುವಿನ ಅಂತರ ಎದ್ದು ಕಾಣುತ್ತದೆ. ಕ್ಸೆನಾನ್ 16.6 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ದ್ರವವಾಗದು. ಕೋಣೆಯ ಉಷ್ಣತೆ ಈ ಗಡಿಯ ಪಕ್ಕದಲ್ಲೇ ಇರುವುದರಿಂದ ಒತ್ತಡ ಹಾಕಿದರೆ ಅದು ದ್ರವದಷ್ಟೇ ದಟ್ಟವಾಗುತ್ತದೆ. ಸುಮಾರು 140 ಬಾರ್ ಒತ್ತಡದಲ್ಲಿ ಒಂದು ಲೀಟರ್ ಟ್ಯಾಂಕಿಗೆ ಒಂದೂವರೆ ಕಿಲೋಗ್ರಾಂಗೂ ಮಿಕ್ಕಿ ಕ್ಸೆನಾನ್ ಹಿಡಿಯುತ್ತದೆ. ಕ್ರಿಪ್ಟಾನ್ ಅದರ ಮೂರನೇ ಒಂದು ಭಾಗದಷ್ಟು, ಆರ್ಗಾನ್ ಬರೀ ಕಾಲು ಕಿಲೋಗ್ರಾಂನಷ್ಟು.

ಪಾದರಸದಿಂದ ಕ್ಸೆನಾನ್‌ಗೆ

ಮೊದಲ ತಲೆಮಾರಿನ ಎಂಜಿನಿಯರ್‌ಗಳು ಲೋಹಗಳ ಕಡೆ ಹೋದದ್ದು ಸಹಜವೇ. ಸೀಸಿಯಂ ಸುಲಭವಾಗಿ ಅಯಾನಾಗುತ್ತದೆ. ಪಾದರಸ ಭಾರ, ದ್ರವ, ಸಣ್ಣ ಟ್ಯಾಂಕಿನಲ್ಲಿ ಹಿಡಿಯುತ್ತದೆ. ನಾಸಾದ ಲೂಯಿಸ್ ಸಂಶೋಧನಾ ಕೇಂದ್ರದ ಹೆರಾಲ್ಡ್ ಕಾಫ್‌ಮನ್ ರೂಪಿಸಿದ ಪಾದರಸದ ಅಯಾನು ಎಂಜಿನ್ 1964ರ ಜುಲೈ 20ರಂದು ಸರ್ಟ್-1 ಪ್ರಯೋಗದಲ್ಲಿ ಅಂತರಿಕ್ಷದಲ್ಲಿ 31 ನಿಮಿಷ ನಡೆಯಿತು. ಅದೇ ನೌಕೆಯಲ್ಲಿದ್ದ ಸೀಸಿಯಂ ಎಂಜಿನ್ ಕೆಲಸ ಮಾಡಲಿಲ್ಲ. 1970ರಲ್ಲಿ ಹಾರಿದ ಸರ್ಟ್-2ರ ಪಾದರಸ ಎಂಜಿನ್‌ಗಳು ತಿಂಗಳುಗಟ್ಟಲೆ ಓಡಿದವು.

ತೊಂದರೆಗಳು ಎರಡು ಕಡೆಯಿಂದ ಬಂದವು. ಹೊರಬಿದ್ದ ಲೋಹದ ಆವಿ ನೌಕೆಯ ತಣ್ಣನೆಯ ಭಾಗಗಳ ಮೇಲೆ, ಸೌರಫಲಕಗಳ ಮೇಲೆ ಕೂರುತ್ತದೆ. ಸೀಸಿಯಂ ಅಂತೂ ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತು. ಪಾದರಸ ವಿಷ. ಪರೀಕ್ಷಾಗಾರದ ಪಂಪಿನಿಂದ ಹಿಡಿದು ಉಡ್ಡಯನ ನೆಲೆಯ ಕೆಲಸಗಾರನವರೆಗೆ ಎಲ್ಲರಿಗೂ ಅಪಾಯ. ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಪಾಶ್ಚಾತ್ಯ ಪ್ರಯೋಗಾಲಯಗಳು ಒಂದೊಂದಾಗಿ ಪಾದರಸ ಬಿಟ್ಟು ಕ್ಸೆನಾನ್‌ಗೆ ಬಂದವು. ಮುಗಿದುಹೋಯಿತು ಎಂದುಕೊಂಡಿದ್ದ ಪಾದರಸ 2018ರ ಹೊತ್ತಿಗೆ ಅಗ್ಗದ ನೋದಕವೆಂದು ಮತ್ತೆ ಚರ್ಚೆಗೆ ಬಂತು. ಸಾವಿರಾರು ಉಪಗ್ರಹಗಳು ಕೆಳಕಕ್ಷೆಯಲ್ಲಿ ಉಗುಳುವ ಪಾದರಸದ ಬಹುಪಾಲು ಕಾಲಕ್ರಮೇಣ ಭೂಮಿಗೇ ಇಳಿಯುತ್ತದೆ ಎಂಬ ಎಚ್ಚರಿಕೆ ಕೂಡಲೇ ಕೇಳಿಬಂತು. 2022ರ ಮಾರ್ಚ್‌ನಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಸೇರಿದ, ಪಾದರಸದ ಬಳಕೆಯನ್ನು ನಿಯಂತ್ರಿಸುವ ಮಿನಮಾಟಾ ಒಪ್ಪಂದದ ಸದಸ್ಯ ದೇಶಗಳು ಉಪಗ್ರಹ ನೋದಕವಾಗಿ ಪಾದರಸದ ಬಳಕೆಯನ್ನು 2025ರೊಳಗೆ ನಿಲ್ಲಿಸಲು ಒಪ್ಪಿದವು. ನೋದಕದ ಆಯ್ಕೆ ಎಂಜಿನಿಯರ್‌ಗಳಿಗಷ್ಟೇ ಬಿಟ್ಟ ವಿಷಯವಲ್ಲ ಎಂದು ಅಂತಾರಾಷ್ಟ್ರೀಯ ಕಾನೂನು ಹೇಳಿದ್ದು ಇಲ್ಲಿ. ಇದು ಸರಿಯಾದ, ಸಕಾಲದ ತೀರ್ಮಾನ. ಅಷ್ಟು ಹೊತ್ತಿಗೆ ಪಾದರಸ ತುಂಬಿದ ಉಪಗ್ರಹಗಳ ದೊಡ್ಡ ಸಾಲೇ ಮೇಲಿದ್ದಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರುತ್ತಿರಲಿಲ್ಲ.

ಕ್ಸೆನಾನ್

1898ರಲ್ಲಿ ವಿಲಿಯಂ ರ‍್ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಕಂಡುಹಿಡಿದ ಈ ಜಡಾನಿಲ ಮೇಲಿನ ಮೂರೂ ಲೆಕ್ಕಗಳಲ್ಲಿ ಒಳ್ಳೆಯ ಅಂಕ ಪಡೆಯುತ್ತದೆ. ಪರಮಾಣು ತೂಕ 131, ಅಯಾನೀಕರಣ ಸುಲಭ, ದಟ್ಟವಾಗಿ ಶೇಖರಿಸಬಹುದು. ವಿಷವಲ್ಲ, ಯಾವ ಲೋಹವನ್ನೂ ತಿನ್ನುವುದಿಲ್ಲ, ಕವಾಟ ತೆರೆದರೆ ತಾನಾಗಿ ಹರಿಯುತ್ತದೆ, ಕಾಯಿಸಬೇಕಿಲ್ಲ. ಸೋವಿಯತ್ ಒಕ್ಕೂಟ 1971ರ ಡಿಸೆಂಬರ್‌ನಲ್ಲಿ ಹಾರಿಸಿದ ಮೆಟಿಯೊರ್ ಉಪಗ್ರಹದಲ್ಲಿ ಕ್ಸೆನಾನ್ ಹಾಲ್ ಥ್ರಸ್ಟರ್ ಮೊದಲ ಬಾರಿಗೆ ಅಂತರಿಕ್ಷದಲ್ಲಿ ಕೆಲಸ ಮಾಡಿತು. ಅಲೆಕ್ಸಿ ಮೊರೊಜೊವ್ ಅವರ ತಂಡ ಬೆಳೆಸಿದ ಈ ತಂತ್ರಜ್ಞಾನ ಶೀತಲ ಸಮರ ಮುಗಿದ ಮೇಲೆಯೇ ಪಶ್ಚಿಮಕ್ಕೆ ಸರಿಯಾಗಿ ಪರಿಚಯವಾದದ್ದು.

ಕ್ಸೆನಾನ್ ತನ್ನ ಬೆಲೆಯನ್ನು ಸಮರ್ಥಿಸಿಕೊಂಡದ್ದು ದೂರದ ಯಾನಗಳಲ್ಲಿ. 1998ರ ಡೀಪ್ ಸ್ಪೇಸ್-1 ನೌಕೆ ಹಾದಿ ತೋರಿಸಿತು. 2007ರಲ್ಲಿ ಹೊರಟ ಡಾನ್ ನೌಕೆ 425 ಕಿಲೋಗ್ರಾಂ ಕ್ಸೆನಾನ್ ಹೊತ್ತು ಹೋಗಿ, 2011ರಲ್ಲಿ ವೆಸ್ಟಾ, 2015ರಲ್ಲಿ ಸೀರಿಸ್ ತಲುಪಿತು; ಭೂಮಿಯಾಚೆಯ ಎರಡು ಬೇರೆ ಬೇರೆ ಕಾಯಗಳನ್ನು ಸುತ್ತಿದ ಮೊದಲ ನೌಕೆ ಅದು. ಅದರ ಎಂಜಿನ್ ಪೂರ್ತಿ ಬಲದಲ್ಲಿ ಕೊಡುತ್ತಿದ್ದದ್ದು 90 ಮಿಲಿನ್ಯೂಟನ್, ಅಂದರೆ ಅಂಗೈ ಮೇಲೆ ಇಟ್ಟ ಹಳೆಯ ದಪ್ಪನೆಯ ಐದು ರೂಪಾಯಿ ನಾಣ್ಯದಷ್ಟು ಭಾರ. ವರ್ಷಗಟ್ಟಲೆ ಬಿಡದೆ ತಳ್ಳಿದ ಈ ಪುಟ್ಟ ಬಲ ನೌಕೆಯ ವೇಗವನ್ನು ಸೆಕೆಂಡಿಗೆ 11 ಕಿಲೋಮೀಟರ್‌ಗೂ ಹೆಚ್ಚು ಬದಲಿಸಿತು. 2023ರ ಅಕ್ಟೋಬರ್ 13ರಂದು ಅದೇ ಹೆಸರಿನ ಕ್ಷುದ್ರಗ್ರಹದತ್ತ ಹೊರಟ ಸೈಕಿ ನೌಕೆಯಲ್ಲಿ ಸುಮಾರು 1,085 ಕಿಲೋಗ್ರಾಂ ಕ್ಸೆನಾನ್ ಇದೆ.

ಈ ಅಂಕಿಯನ್ನು ಗಾಳಿಯ ಲೆಕ್ಕಕ್ಕೆ ತಂದು ನೋಡಬೇಕು. ಗಾಳಿಯಲ್ಲಿ ಕ್ಸೆನಾನ್ ಇರುವುದು ಸುಮಾರು 1.15 ಕೋಟಿ ಭಾಗಗಳಲ್ಲಿ ಒಂದು ಭಾಗ. ಒಂದೇ ಒಂದು ಕಿಲೋಗ್ರಾಂ ಕ್ಸೆನಾನ್ ಬೇಕಾದರೆ, ಒಂದಿಷ್ಟೂ ನಷ್ಟವಿಲ್ಲದೆ ಹಿಂಡಿದರೂ, ಸುಮಾರು 20 ಲಕ್ಷ ಘನಮೀಟರ್ ಗಾಳಿಯನ್ನು ದ್ರವೀಕರಿಸಬೇಕು. ಸೈಕಿಯ ಟ್ಯಾಂಕ್ ತುಂಬಲು 200 ಕೋಟಿ ಘನಮೀಟರ್‌ಗೂ ಹೆಚ್ಚು. ಅನಿಲಕ್ಕಾಗಿಯೇ ಯಾರೂ ಇಷ್ಟು ಗಾಳಿಯನ್ನು ತಣಿಸುವುದಿಲ್ಲ. ಉಕ್ಕು ಕಾರ್ಖಾನೆಗಳಿಗೆ ಆಮ್ಲಜನಕ ತಯಾರಿಸುವ ದೊಡ್ಡ ಘಟಕಗಳಲ್ಲಿ ದ್ರವ ಆಮ್ಲಜನಕದ ತಳದಲ್ಲಿ ಕ್ರಿಪ್ಟಾನ್ ಮತ್ತು ಕ್ಸೆನಾನ್ ಅತ್ಯಲ್ಪ ಪ್ರಮಾಣದಲ್ಲಿ ಸೇರಿಕೊಳ್ಳುತ್ತವೆ. ಅದನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ ಬೇರ್ಪಡಿಸುತ್ತಾರೆ. ಹೀಗಾಗಿ ಕ್ಸೆನಾನ್ ಎಷ್ಟು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅಂತರಿಕ್ಷ ಉದ್ಯಮವಲ್ಲ, ಉಕ್ಕಿನ ಬೇಡಿಕೆ. ಇಡೀ ಪ್ರಪಂಚದ ವಾರ್ಷಿಕ ಉತ್ಪಾದನೆ ಕೆಲವು ಹತ್ತು ಟನ್‌ಗಳನ್ನು ಮೀರುವುದಿಲ್ಲ. ಅದರ ಮೇಲೆ ಕಣ್ಣಿಟ್ಟವರು ಅನೇಕರು: ಚಿಪ್ ತಯಾರಕರು, ಅರಿವಳಿಕೆ ತಜ್ಞರು, ಪ್ರೊಜೆಕ್ಟರ್ ದೀಪದ ಕಾರ್ಖಾನೆಗಳು. ಅಮೆರಿಕದ ಸೌತ್ ಡಕೋಟಾದಲ್ಲಿ ಕಪ್ಪುದ್ರವ್ಯ ಹುಡುಕುವ ಒಂದೇ ಪ್ರಯೋಗದ ತೊಟ್ಟಿಯಲ್ಲಿ ಹತ್ತು ಟನ್ ದ್ರವ ಕ್ಸೆನಾನ್ ಇದೆ. ಸೋವಿಯತ್ ಕಾಲದ ಉಕ್ಕು ಕಾರ್ಖಾನೆಗಳ ಕಾರಣ ಜಡಾನಿಲಗಳ ಶುದ್ಧೀಕರಣದಲ್ಲಿ ಉಕ್ರೇನ್‌ಗೆ ದೊಡ್ಡ ಪಾಲಿತ್ತು. 2022ರಲ್ಲಿ ಯುದ್ಧ ಶುರುವಾದಾಗ ಬೆಲೆಗಳು ಹಾರಿದವು. ಕಿಲೋಗ್ರಾಂಗೆ ಸಾವಿರಾರು ಡಾಲರ್ ಎಂಬುದು ಕ್ಸೆನಾನ್ ಕೊಳ್ಳುವವರಿಗೆ ಹೊಸದಲ್ಲ. ಆ ಬೆಲೆ ಮುಂದಿನ ವರ್ಷ ಎಷ್ಟಿರುತ್ತದೆ ಎಂದು ಯಾರೂ ಹೇಳಲಾರದಿರುವುದೇ ಯೋಜನೆ ಹಾಕುವವರ ನಿಜವಾದ ತಲೆನೋವು.

ನೆಲದ ಮೇಲಿನ ಖರ್ಚನ್ನು ಎಷ್ಟೋ ಮಂದಿ ಮರೆಯುತ್ತಾರೆ. ಎಂಜಿನ್ ಎಷ್ಟು ಕಾಲ ಬಾಳುತ್ತದೆ ಎಂದು ತಿಳಿಯಲು ಅದನ್ನು ನಿರ್ವಾತ ಕೋಣೆಯಲ್ಲಿ ವರ್ಷಗಟ್ಟಲೆ ಓಡಿಸಬೇಕು. ನಾಸಾದ ನೆಕ್ಸ್ಟ್ ಅಯಾನು ಎಂಜಿನ್ 2005ರಿಂದ 2014ರವರೆಗೆ ನಡೆದ ಪರೀಕ್ಷೆಯಲ್ಲಿ 51,000 ಗಂಟೆಗೂ ಹೆಚ್ಚು ಓಡಿತು. ಆ ಪರೀಕ್ಷೆಗೆ ವ್ಯಯವಾದ ಕ್ಸೆನಾನ್ 900 ಕಿಲೋಗ್ರಾಂಗೂ ಮೇಲು, ಡಾನ್ ನೌಕೆ ಹೊತ್ತೊಯ್ದ ಅನಿಲದ ಎರಡರಷ್ಟು.

ಕ್ರಿಪ್ಟಾನ್

ಗಾಳಿಯಲ್ಲಿ ಕ್ರಿಪ್ಟಾನ್ ಕ್ಸೆನಾನ್‌ಗಿಂತ ಹದಿಮೂರು ಪಟ್ಟು ಹೆಚ್ಚಿದೆ. ಬೆಲೆ ಸಾವಿರದಿಂದ ನೂರರ ಲೆಕ್ಕಕ್ಕೆ ಇಳಿಯುತ್ತದೆ. ಪರಮಾಣು ತೂಕ 84. ಕ್ಸೆನಾನ್‌ಗಾಗಿ ಮಾಡಿದ ಹಾಲ್ ಥ್ರಸ್ಟರ್‌ಗೆ ಕ್ರಿಪ್ಟಾನ್ ಹಾಕಿದರೆ ಅದು ಓಡುತ್ತದೆ, ಆದರೆ ದಕ್ಷತೆ ಬೀಳುತ್ತದೆ. ಪ್ರಯೋಗಾಲಯಗಳು ಇದನ್ನು ಹಲವು ಸಲ ಅಳೆದಿವೆ. ಮುಖ್ಯ ಕಾರಣ ಮೇಲೆ ಹೇಳಿದ ಸೋರಿಕೆ: ಅಯಾನಾಗದೆ ಹೊರಬೀಳುವ ಪರಮಾಣುಗಳ ಪಾಲು ಹೆಚ್ಚುತ್ತದೆ.

ಆದರೂ ದೊಡ್ಡ ಪ್ರಮಾಣದಲ್ಲಿ ಕ್ರಿಪ್ಟಾನ್ ಬಳಕೆಗೆ ಬಂತು. 2019ರ ಮೇ ತಿಂಗಳಲ್ಲಿ ಸ್ಪೇಸ್‌ಎಕ್ಸ್ ಹಾರಿಸಿದ ಮೊದಲ 60 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿದ್ದದ್ದು ಕ್ರಿಪ್ಟಾನ್ ಹಾಲ್ ಥ್ರಸ್ಟರ್. ಕೆಳಕಕ್ಷೆಯ ಅಂತರ್ಜಾಲ ಉಪಗ್ರಹ ಐದಾರು ವರ್ಷ ಬಾಳಿ ಕೆಳಗಿಳಿಯುವ ವಸ್ತು. ಅದರ ಎಂಜಿನ್ ಶೇಕಡಾ ಹತ್ತು ಕಡಿಮೆ ದಕ್ಷವಾದರೂ ಯಾರೂ ಚಿಂತಿಸುವುದಿಲ್ಲ. ಆದರೆ ಸಾವಿರ ಉಪಗ್ರಹಗಳಿಗೆ ಕ್ಸೆನಾನ್ ಕೊಳ್ಳಹೊರಟರೆ ಮಾರುಕಟ್ಟೆಯೇ ಬರಿದಾಗುತ್ತದೆ. ದಕ್ಷತೆಯ ಪಟ್ಟಿಯಲ್ಲಿ ಸೋತ ಅನಿಲ ಖರೀದಿಯ ಪಟ್ಟಿಯಲ್ಲಿ ಗೆದ್ದದ್ದು ಹೀಗೆ.

ದಕ್ಷತೆಯ ಅಂತರವೂ ಅಳಿಸಲಾಗದ್ದಲ್ಲ. ಕಾಲುವೆಯಲ್ಲಿ ಅನಿಲ ಮತ್ತು ವಿದ್ಯುತ್ ಪ್ರವಾಹವನ್ನು ದಟ್ಟಗೊಳಿಸಿದರೆ ಪರಮಾಣು ತಪ್ಪಿಸಿಕೊಳ್ಳುವ ಮೊದಲೇ ಎಲೆಕ್ಟ್ರಾನ್‌ಗೆ ಸಿಗುವ ಸಾಧ್ಯತೆ ಏರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ತಂಡ 9 ಕಿಲೋವ್ಯಾಟ್‌ಗೆ ರೂಪಿಸಿದ್ದ ಹಾಲ್ ಥ್ರಸ್ಟರನ್ನು ನೀರಿನಿಂದ ತಣಿಸುತ್ತ ಕ್ರಿಪ್ಟಾನ್‌ನಲ್ಲಿ 45 ಕಿಲೋವ್ಯಾಟ್‌ವರೆಗೆ ಒಯ್ದಿತು. 2023ರಲ್ಲಿ ಪ್ರಕಟಿಸಿದಂತೆ ಆಗ ಸಿಕ್ಕ ನೂಕುಬಲ ಸುಮಾರು 1.8 ನ್ಯೂಟನ್, ದಕ್ಷತೆ ಶೇ. 51. ಪ್ರವಾಹ ಹೆಚ್ಚಿಸಿದರೆ ಹಾಲ್ ಥ್ರಸ್ಟರ್‌ನ ದಕ್ಷತೆ ಕುಸಿದುಹೋಗುತ್ತದೆ ಎಂಬ ಹಳೆಯ ನಂಬಿಕೆಯನ್ನು ಈ ಪ್ರಯೋಗ ಸಡಿಲಿಸಿತು. ಕ್ರಿಪ್ಟಾನ್‌ನಂಥ ಹಗುರ ಅನಿಲಗಳಿಗೆ ದಟ್ಟ ಪ್ರವಾಹ ಅನುಕೂಲಕರ ಎಂಬುದು ಅದರ ಹೆಚ್ಚು ಮುಖ್ಯವಾದ ಫಲ.

ಆರ್ಗಾನ್

ಗಾಳಿಯ ಶೇ. 0.93 ಆರ್ಗಾನ್. ಒಂದು ಕಿಲೋಗ್ರಾಂಗೆ ಬೇಕಾದ ಗಾಳಿ ಸುಮಾರು 60 ಘನಮೀಟರ್, ಒಂದು ಮಧ್ಯಮ ಗಾತ್ರದ ಕೋಣೆಯಷ್ಟು. ಬೆಂಗಳೂರಿನ ಪೀಣ್ಯದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವ ಯಾವ ವೆಲ್ಡಿಂಗ್ ಶೆಡ್ಡಿಗೆ ಹೋದರೂ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಎದೆಯೆತ್ತರದ ಆರ್ಗಾನ್ ಸಿಲಿಂಡರ್ ಕಾಣುತ್ತದೆ. ಅದರಲ್ಲಿರುವುದು ಏಳು ಘನಮೀಟರ್ ಆಸುಪಾಸಿನ ಅನಿಲ, ಹತ್ತು ಹನ್ನೆರಡು ಕಿಲೋಗ್ರಾಂ. ತೂಕದಲ್ಲಿ ಇದು ಒಂದು ಸಣ್ಣ ಉಪಗ್ರಹಕ್ಕೆ ಸಾಲುವಷ್ಟು ನೋದಕ. ಥ್ರಸ್ಟರ್‌ಗೆ ಇನ್ನಷ್ಟು ಶುದ್ಧ ಅನಿಲ ಬೇಕು ನಿಜ. ಆದರೂ ಕಿಲೋಗ್ರಾಂಗೆ ಕೆಲವೇ ಡಾಲರ್‌ಗಳ ಮಾತು.

2023ರ ಫೆಬ್ರವರಿಯಲ್ಲಿ ಹಾರಿದ ಸ್ಟಾರ್‌ಲಿಂಕ್‌ನ ಎರಡನೇ ತಲೆಮಾರಿನ ಉಪಗ್ರಹಗಳಲ್ಲಿ ಆರ್ಗಾನ್ ಹಾಲ್ ಥ್ರಸ್ಟರ್ ಇತ್ತು. ಅಂತರಿಕ್ಷದಲ್ಲಿ ಇಂಥದ್ದು ಕೆಲಸ ಮಾಡಿದ್ದು ಇದೇ ಮೊದಲು ಎಂದು ಕಂಪನಿ ಹೇಳಿತು. ಅದು ಬಿಡುಗಡೆ ಮಾಡಿದ ಅಂಕಿಗಳ ಪ್ರಕಾರ ಥ್ರಸ್ಟರ್‌ನ ತೂಕ 2.1 ಕಿಲೋಗ್ರಾಂ, ವಿದ್ಯುತ್ 4.2 ಕಿಲೋವ್ಯಾಟ್, ನೂಕುಬಲ 170 ಮಿಲಿನ್ಯೂಟನ್, ಸ್ಪೆಸಿಫಿಕ್ ಇಂಪಲ್ಸ್ (ನೋದಕದ ತೂಕಕ್ಕೆ ಸಿಗುವ ಒಟ್ಟು ತಳ್ಳಿನ ಅಳತೆ) 2,500 ಸೆಕೆಂಡ್, ಒಟ್ಟು ದಕ್ಷತೆ ಶೇ. 50. ಈ ಕೊನೆಯ ಅಂಕಿಯೇ ಕ್ಷೇತ್ರದವರನ್ನು ಬೆರಗುಗೊಳಿಸಿದ್ದು. ಕ್ಸೆನಾನ್‌ಗೆ ಮಾಡಿದ ಎಂಜಿನ್‌ನಲ್ಲಿ ಆರ್ಗಾನ್ ಹಾಕಿ ಪರೀಕ್ಷಿಸಿದವರಿಗೆ ಇದಕ್ಕಿಂತ ಬಹಳ ಕಡಿಮೆ ದಕ್ಷತೆ ಸಿಗುತ್ತಿತ್ತು. ಅನಿಲಕ್ಕೆ ತಕ್ಕಂತೆ ಎಂಜಿನ್ ಮಾಡಬೇಕೇ ಹೊರತು ಎಂಜಿನ್‌ಗೆ ತಕ್ಕ ಅನಿಲ ಹುಡುಕುತ್ತ ಕೂರಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಟ್ಯಾಂಕಿನ ಸಮಸ್ಯೆ ಮಾತ್ರ ಉಳಿದೇ ಇದೆ. ಒಂದು ಉಪಗ್ರಹಕ್ಕೆ 100 ಕಿಲೋಗ್ರಾಂ ಕ್ಸೆನಾನ್ ಬೇಕು ಎಂದಿಟ್ಟುಕೊಳ್ಳೋಣ. ಅದೇ 300 ವೋಲ್ಟ್‌ನಲ್ಲಿ, ನಷ್ಟಗಳನ್ನು ಲೆಕ್ಕಿಸದೆ, ಅಷ್ಟೇ ಒಟ್ಟು ತಳ್ಳಿಗೆ ಕ್ರಿಪ್ಟಾನ್ ಆದರೆ 80, ಆರ್ಗಾನ್ ಆದರೆ 55 ಕಿಲೋಗ್ರಾಂ ಸಾಕು. ತೂಕ ಇಳಿಯಿತು. ಆದರೆ 140 ಬಾರ್‌ನಲ್ಲಿ ಕ್ಸೆನಾನ್‌ಗೆ ಅರವತ್ತು ಲೀಟರ್ ಟ್ಯಾಂಕ್ ಸಾಕಾದರೆ ಕ್ರಿಪ್ಟಾನ್‌ಗೆ ನೂರಮೂವತ್ತು, ಆರ್ಗಾನ್‌ಗೆ ಇನ್ನೂರಕ್ಕೂ ಹೆಚ್ಚು ಲೀಟರ್ ಬೇಕು. ಒತ್ತಡದ ಟ್ಯಾಂಕ್ ದೊಡ್ಡದಾದಷ್ಟೂ ಅದರ ಗೋಡೆಯ ತೂಕ ಏರುತ್ತದೆ. ಅನಿಲದಲ್ಲಿ ಉಳಿಸಿದ್ದರಲ್ಲಿ ಒಂದಷ್ಟು ಟ್ಯಾಂಕಿಗೇ ಹೋಗುತ್ತದೆ. ಜೊತೆಗೆ ಸುಮಾರು ಒಂದೂಕಾಲಿನಿಂದ ಎರಡು ಪಟ್ಟು ವಿದ್ಯುತ್ ಶಕ್ತಿ, ಅಂದರೆ ದೊಡ್ಡ ಸೌರಫಲಕ ಅಥವಾ ಹೆಚ್ಚು ದಿನಗಳ ಓಟ. ಸೌರಫಲಕ ಹೇಗೂ ದೊಡ್ಡದಿರುವ ಸಂಪರ್ಕ ಉಪಗ್ರಹಕ್ಕೆ ಇದು ಹೊರೆಯಲ್ಲ. ಸೂರ್ಯನಿಂದ ದೂರ ಸರಿದಂತೆ ಒಂದೊಂದು ವ್ಯಾಟ್‌ಗೂ ಲೆಕ್ಕ ಹಾಕುವ ಸೈಕಿಯಂಥ ನೌಕೆಗೆ ದೊಡ್ಡ ಹೊರೆ.

ಆರ್ಗಾನನ್ನು ಇನ್ನೊಂದು ದಾರಿಯಲ್ಲೂ ಬಳಸುತ್ತಾರೆ. ರೇಡಿಯೊ ಅಲೆಗಳಿಂದ ಪ್ಲಾಸ್ಮಾ (ಅಯಾನೀಕರಿಸಿದ ಅನಿಲ) ಕಾಯಿಸಿ ಕಾಂತೀಯ ಕೊಳವೆಯ ಮೂಲಕ ಬಿಡುವ ವಾಸಿಮರ್ ಎಂಜಿನ್, ಕೋಸ್ಟರಿಕಾ ಮೂಲದ ಗಗನಯಾತ್ರಿ ಫ್ರಾಂಕ್ಲಿನ್ ಚಾಂಗ್ ದಿಯಾಸ್ ಅವರ ಕೂಸು, 200 ಕಿಲೋವ್ಯಾಟ್ ಮಟ್ಟದ ಪರೀಕ್ಷೆಗಳಿಗೆ ಆರಿಸಿಕೊಂಡದ್ದು ಆರ್ಗಾನನ್ನೇ. ಅಷ್ಟು ವಿದ್ಯುತ್ ಒದಗಿಸುವ ನೌಕೆ ಇನ್ನೂ ಹಾರಿಲ್ಲ.

ಅಯೋಡಿನ್

ಶೇಖರಣೆಯ ಲೆಕ್ಕದಲ್ಲಿ ಅಯೋಡಿನ್‌ಗೆ ಸಾಟಿ ಅಪರೂಪ. ಅದು ಘನ, ಲೀಟರಿಗೆ 4.9 ಕಿಲೋಗ್ರಾಂ. ಪರಮಾಣು ತೂಕ 127, ಕ್ಸೆನಾನ್‌ನ ಪಕ್ಕದ್ದೇ. ಅಯಾನೀಕರಣ ಅದಕ್ಕಿಂತ ಸುಲಭ. ಒತ್ತಡದ ಟ್ಯಾಂಕ್ ಬೇಡ. ಸ್ವಲ್ಪ ಕಾಯಿಸಿದರೆ ದ್ರವವಾಗದೆ ನೇರವಾಗಿ ನೇರಳೆ ಆವಿಯಾಗುತ್ತದೆ. ಶಾಲೆಯ ರಸಾಯನಶಾಸ್ತ್ರ ಪ್ರಯೋಗದಲ್ಲಿ ಇದನ್ನು ಕಂಡವರು ಬಹಳ. ಚಿಲಿಯ ಅಟಕಾಮಾ ಮರುಭೂಮಿಯ ಲವಣ ನಿಕ್ಷೇಪ, ಜಪಾನಿನ ಉಪ್ಪುನೀರಿನ ಬಾವಿಗಳಿಂದ ಸಾವಿರಾರು ಟನ್ ಬರುತ್ತದೆ. ಅಯೋಡಿನ್‌ನ ಅಣುವಿನಲ್ಲಿ ಎರಡು ಪರಮಾಣುಗಳಿವೆ. ಅವನ್ನು ಬಿಡಿಸಲು 1.5 ಎಲೆಕ್ಟ್ರಾನ್ ವೋಲ್ಟ್ ಹೆಚ್ಚುವರಿ ಶಕ್ತಿ ಬೇಕು. ಆದರೂ ಅಳತೆಗಳಲ್ಲಿ ಅಯೋಡಿನ್‌ನ ಫಲ ಕ್ಸೆನಾನ್‌ಗೆ ಹತ್ತಿರವೇ ಬರುತ್ತದೆ.

ಇದನ್ನು ಮೊದಲು ಕಕ್ಷೆಯಲ್ಲಿ ಮಾಡಿ ತೋರಿಸಿದ್ದು ಫ್ರಾನ್ಸಿನ ಥ್ರಸ್ಟ್‌ಮಿ ಕಂಪನಿ. 2020ರ ನವೆಂಬರ್‌ನಲ್ಲಿ ಚೀನಾದಿಂದ ಹಾರಿದ ಸುಮಾರು 20 ಕಿಲೋಗ್ರಾಂ ತೂಕದ ಬೆಯ್‌ಹಾಂಗ್‌ಕೊಂಗ್‌ಶಿ-1 ಉಪಗ್ರಹದಲ್ಲಿ ಅದರ ಎಂಜಿನ್ ಇತ್ತು. ಎಂಜಿನ್, ವಿದ್ಯುತ್ ಮಂಡಲ, ನೋದಕ ಎಲ್ಲ ಸೇರಿ ತೂಕ 1.2 ಕಿಲೋಗ್ರಾಂ. ಉಡ್ಡಯನದ ಅದುರುವಿಕೆಗೆ ಅಯೋಡಿನ್ ಗಟ್ಟಿ ಒಡೆದು ಚೂರಾಗದಂತೆ ಅದನ್ನು ರಂಧ್ರಮಯ ಪಿಂಗಾಣಿಯೊಳಗೆ ತುಂಬಿದ್ದರು. ಪ್ರತಿ ಸಲ ಒಂದು ಒಂದೂವರೆ ಗಂಟೆ ಓಡಿ, ಒಂದು ಮಿಲಿನ್ಯೂಟನ್‌ಗೂ ಕಡಿಮೆ ನೂಕುಬಲದಿಂದ, ಉಪಗ್ರಹದ ಕಕ್ಷೆಯನ್ನು ಅದು ಕೆಲವು ನೂರು ಮೀಟರ್ ಬದಲಿಸುತ್ತಿತ್ತು. ಈ ಫಲಿತಾಂಶ 2021ರ ನವೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇನ್ನೊಂದು ಮುಖವೂ ಇದೆ. 2022ರ ನವೆಂಬರ್‌ನಲ್ಲಿ ನಾಸಾದ ಆರ್ಟೆಮಿಸ್-1 ಯಾನದ ಜೊತೆ ಚಂದ್ರನತ್ತ ಹೊರಟ ಲೂನಾಎಚ್-ಮ್ಯಾಪ್ ಎಂಬ ಪುಟ್ಟ ನೌಕೆಯಲ್ಲೂ ಅಯೋಡಿನ್ ಎಂಜಿನ್ ಇತ್ತು. ಅದು ಹೊತ್ತಿಕೊಳ್ಳಲೇ ಇಲ್ಲ. ಒಂದು ಕವಾಟ ಅಂಟಿಕೊಂಡಿರಬೇಕೆಂದು ತಂಡ ಶಂಕಿಸಿತು. ಚಂದ್ರನ ಕಕ್ಷೆ ಸೇರುವ ಅವಕಾಶ ಕೈತಪ್ಪಿತು. ಅಯೋಡಿನ್‌ನ ನಿಜವಾದ ಕಷ್ಟ ಅಲ್ಲೇ ಇದೆ. ಕೊಳವೆ, ಕವಾಟ, ಸೋಸುಗ ಎಲ್ಲವನ್ನೂ ಬೆಚ್ಚಗೆ ಇಡಬೇಕು. ಎಲ್ಲಾದರೂ ಒಂದು ಮೂಲೆ ತಣ್ಣಗಾದರೆ ಆವಿ ಅಲ್ಲೇ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರಗಳನ್ನು ಅದು ತಿನ್ನುತ್ತದೆ. ಎಲೆಕ್ಟ್ರಾನ್ ಸೂಸುವ ಕ್ಯಾಥೋಡ್ ಅಯೋಡಿನ್‌ನಲ್ಲಿ ಬಹುಕಾಲ ಬಾಳುವಂತೆ ಮಾಡುವುದು ಇನ್ನೂ ಕಷ್ಟದ ಕೆಲಸ. ಎಷ್ಟೋ ವಿನ್ಯಾಸಗಳಲ್ಲಿ ಥ್ರಸ್ಟರ್‌ಗೆ ಅಯೋಡಿನ್, ಕ್ಯಾಥೋಡ್‌ಗೆ ಬೇರೆ ಅನಿಲ ಇಟ್ಟು ಅರ್ಧ ಪರಿಹಾರ ಕಂಡುಕೊಂಡಿದ್ದಾರೆ. ಒತ್ತಡದ ಟ್ಯಾಂಕ್ ಇಡಲು ಜಾಗವಿಲ್ಲದ ಸಣ್ಣ ಉಪಗ್ರಹಗಳಿಗೆ ಅಯೋಡಿನ್ ಇಂದೇ ಒಳ್ಳೆಯ ಆಯ್ಕೆ. ಹತ್ತು ವರ್ಷ ಓಡಬೇಕಾದ ದೊಡ್ಡ ಉಪಗ್ರಹಕ್ಕೆ ಅದನ್ನು ಶಿಫಾರಸು ಮಾಡುವಷ್ಟು ಅನುಭವ ಇನ್ನೂ ಕೂಡಿಬಂದಿಲ್ಲ.

ಲೋಹ, ನೀರು, ಗಾಳಿ

ಬಿಸ್ಮತ್ ಪರಮಾಣು ತೂಕದಲ್ಲಿ ಪಾದರಸಕ್ಕಿಂತಲೂ ಭಾರ, ಅಗ್ಗ, ಬಹುಮಟ್ಟಿಗೆ ನಿರಪಾಯಕಾರಿ. ಸೋವಿಯತ್ ಪ್ರಯೋಗಾಲಯಗಳು ಅದರಿಂದ ಅತ್ಯುತ್ತಮ ಫಲ ಪಡೆದವು. ಆದರೆ ಅದು ಕರಗುವುದೇ 271 ಡಿಗ್ರಿಯಲ್ಲಿ; ಆವಿಯಾಗಿಸಲು ಇನ್ನೂ ಎಷ್ಟೋ ಮೇಲೆ ಹೋಗಬೇಕು. ಸತು ಮತ್ತು ಮೆಗ್ನೀಸಿಯಂಗಳಿಗೂ ಅದೇ ಕಥೆ. ಇವು ನಿರ್ವಾತ ಕೋಣೆಯ ತಣ್ಣನೆಯ ಗೋಡೆಗೆ ಅಂಟಿಕೊಳ್ಳುವುದರಿಂದ ಪರೀಕ್ಷೆಗೆ ದೊಡ್ಡ ಪಂಪು ಬೇಕಿಲ್ಲ. ಅಂತರಿಕ್ಷದಲ್ಲಿ ಅದೇ ಗುಣ ಸೌರಫಲಕಕ್ಕೆ ಅಂಟಿ ಕಾಟ ಕೊಡುತ್ತದೆ.

ನೀರನ್ನು ಕಾಯಿಸಿ ಆವಿಯಾಗಿ ಬಿಡುವ ಎಂಜಿನ್‌ಗಳು ಸರಳ. ಆರ್ಟೆಮಿಸ್-1ರ ಜೊತೆಗೇ ಹೋದ ಟೋಕಿಯೊ ವಿಶ್ವವಿದ್ಯಾಲಯ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾದ ಎಕ್ಯುಲಿಯಸ್ ನೌಕೆ ನೀರಾವಿಯ ಬಲದಿಂದಲೇ ತನ್ನ ಹಾದಿ ಸರಿಪಡಿಸಿಕೊಂಡಿತು. ಸುರಕ್ಷತೆಯಲ್ಲಿ ನೀರಿಗೆ ಸರಿಸಾಟಿಯಿಲ್ಲ. ನೀರನ್ನು ಪ್ಲಾಸ್ಮಾ ಮಾಡಿದಾಗ ಮಾತ್ರ ಹುಟ್ಟುವ ಆಮ್ಲಜನಕ ಬಿಸಿ ಕ್ಯಾಥೋಡನ್ನು ಹಾಳುಮಾಡುತ್ತದೆ.

ನೋದಕವನ್ನೇ ಹೊರದೆ ಹೋಗುವ ಯೋಚನೆಗೆ ಪ್ರೇರಣೆ ಕೊಟ್ಟ ಉಪಗ್ರಹಗಳಲ್ಲಿ ಯುರೋಪಿನ ಗೋಚೆ ಮುಖ್ಯವಾದದ್ದು. ಭೂಮಿಯ ಗುರುತ್ವ ಅಳೆಯಲು 2009ರಿಂದ ಸುಮಾರು 255 ಕಿಲೋಮೀಟರ್, ಆಮೇಲೆ ಇನ್ನೂ ಕೆಳಗೆ ಸುತ್ತಿದ ಅದು ಗಾಳಿಯ ಎಳೆತವನ್ನು ಕ್ಸೆನಾನ್ ಅಯಾನು ಎಂಜಿನ್‌ನಿಂದ ಸರಿದೂಗಿಸುತ್ತಿತ್ತು. 2013ರ ಅಕ್ಟೋಬರ್‌ನಲ್ಲಿ ಕ್ಸೆನಾನ್ ಮುಗಿಯಿತು. ಮೂರು ವಾರದಲ್ಲಿ ಉಪಗ್ರಹ ಬಿದ್ದುಹೋಯಿತು. ಎಳೆಯುವ ಗಾಳಿಯನ್ನೇ ಹಿಡಿದು ನೋದಕ ಮಾಡಿಕೊಂಡರೆ? ಇಟಲಿಯ ಸಿಟೇಲ್ ಕಂಪನಿ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಗಾಗಿ 2018ರಲ್ಲಿ ಇಂಥ ಎಂಜಿನನ್ನು ನಿರ್ವಾತ ಕೋಣೆಯಲ್ಲಿ ಓಡಿಸಿ ತೋರಿಸಿತು. ಆ ಎತ್ತರದ ಗಾಳಿಯಲ್ಲಿ ಸಾರಜನಕದ ಜೊತೆ ಬಿಡಿ ಆಮ್ಲಜನಕ ಪರಮಾಣುಗಳು ತುಂಬಿವೆ. ಅವು ಎಂಜಿನ್‌ನ ಬಿಸಿ ಭಾಗಗಳನ್ನು ತಿನ್ನುವುದನ್ನು ತಡೆಯುವುದೇ ಮುಂದಿನ ಸವಾಲು.

ಭಾರತದಲ್ಲಿ

ಇಸ್ರೊ ತನ್ನ ಹಾಲ್ ಬಗೆಯ ಪ್ಲಾಸ್ಮಾ ಥ್ರಸ್ಟರ್‌ಗಳನ್ನು ಮೊದಲು ಇಟ್ಟದ್ದು ಜಿಸ್ಯಾಟ್-4ರಲ್ಲಿ. 2010ರ ಏಪ್ರಿಲ್‌ನಲ್ಲಿ ರಾಕೆಟ್ ವಿಫಲವಾಗಿ ಅದು ಕಕ್ಷೆ ತಲುಪಲಿಲ್ಲ. 2017ರ ಮೇ 5ರಂದು ಹಾರಿದ ಜಿಸ್ಯಾಟ್-9, ಅಂದರೆ ದಕ್ಷಿಣ ಏಷ್ಯಾ ಉಪಗ್ರಹ, ಕ್ಸೆನಾನ್ ವಿದ್ಯುತ್ ನೋದನವನ್ನು ಕಕ್ಷೆಗೆ ಒಯ್ದಿತು. ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ತನ್ನ ಆರ್ಕಾ-200 ಹಾಲ್ ಥ್ರಸ್ಟರ್ ವ್ಯವಸ್ಥೆಯನ್ನು 2023ರ ಏಪ್ರಿಲ್‌ನಲ್ಲಿ ಪಿಎಸ್‌ಎಲ್‌ವಿ-ಸಿ55ರ ನಾಲ್ಕನೇ ಹಂತವನ್ನೇ ವೇದಿಕೆ ಮಾಡಿಕೊಂಡ ಪೋಯಂ-2ರಲ್ಲಿ, ಅದಕ್ಕಾಗಿ ರೂಪಿಸಿದ ಹೀಟರ್ ಇಲ್ಲದ ಕ್ಯಾಥೋಡನ್ನು 2024ರ ಜನವರಿ 1ರಂದು ಹಾರಿದ ಪೋಯಂ-3ರಲ್ಲಿ ಕಳುಹಿಸಿತು. 200 ಕಿಲೋಮೀಟರ್ ಎತ್ತರದಲ್ಲಿ ಗಾಳಿಯನ್ನೇ ನೋದಕವಾಗಿ ಬಳಸುವ ಉಪಗ್ರಹದ ಯೋಜನೆಯನ್ನೂ ಅದು 2024ರಲ್ಲಿ ಪ್ರಕಟಿಸಿದೆ.

2025ರ ಮಾರ್ಚ್‌ನಲ್ಲಿ ಇಸ್ರೊ 300 ಮಿಲಿನ್ಯೂಟನ್ ನೂಕುಬಲದ ಪ್ಲಾಸ್ಮಾ ಥ್ರಸ್ಟರನ್ನು 5.4 ಕಿಲೋವ್ಯಾಟ್‌ನಲ್ಲಿ 1,000 ಗಂಟೆ ಓಡಿಸಿ ಬಾಳಿಕೆ ಪರೀಕ್ಷೆ ಮುಗಿಸಿತು. ಇದೂ ಕ್ಸೆನಾನ್ ಎಂಜಿನ್. ಮುಂದಿನ ದೊಡ್ಡ ಉಪಗ್ರಹಗಳ ಕಕ್ಷೆ ಏರಿಸುವ ಕೆಲಸಕ್ಕೆ ಕ್ಸೆನಾನ್ ಸರಿಯೇ. ಆದರೆ ದೇಶೀ ಕಂಪನಿಗಳು ಹತ್ತಾರು, ನೂರಾರು ಸಣ್ಣ ಉಪಗ್ರಹಗಳ ಮಾತಾಡುತ್ತಿರುವಾಗ, ತೋರಣಗಲ್ಲು, ಜಮ್‌ಷೆಡ್‌ಪುರ, ಭಿಲಾಯಿಗಳ ಉಕ್ಕು ಕಾರ್ಖಾನೆಗಳಿಗಾಗಿ ನಡೆಯುವ ಗಾಳಿ ಬೇರ್ಪಡಿಕೆಯಿಂದ ಆರ್ಗಾನ್ ಟನ್‌ಗಟ್ಟಲೆ ಬರುತ್ತಿರುವಾಗ, ಆರ್ಗಾನ್ ಮತ್ತು ಕ್ರಿಪ್ಟಾನ್‌ಗಳಿಗಾಗಿಯೇ ರೂಪಿಸಿದ ಥ್ರಸ್ಟರ್‌ಗಳಿಗೂ ಇಷ್ಟೇ ಗಂಟೆಗಳ ಪರೀಕ್ಷೆ ಬೇಕು. ಅದನ್ನು ಈಗಲೇ ಶುರುಮಾಡಬೇಕು. ಸಾವಿರ ಗಂಟೆಯ ಓಟಕ್ಕೆ ನಲವತ್ತೆರಡು ದಿನ ಸಾಕಾದರೂ, ಅದಕ್ಕೆ ತಕ್ಕ ಎಂಜಿನ್ ಮಾಡಲು ವರ್ಷಗಳು ಹಿಡಿಯುತ್ತವೆ.